ಕಬ್ ಶ್ರೇಣಿಗಳು

ಕಬ್ ಶ್ರೇಣಿಗಳು ಎಂದರೆ ಸ್ಕೌಟ್ ಚಳವಳಿಯ ಕಿರಿಯ ವಿಭಾಗದಲ್ಲಿ ಮಕ್ಕಳು ಒಂದಾದ ಮೇಲೊಂದರಂತೆ ಏರುವ ಹಂತಗಳು. ಪ್ರತಿ ಹಂತಕ್ಕೂ ಕೆಲವು ಕೌಶಲಗಳನ್ನು ಗೊತ್ತುಪಡಿಸಲಾಗಿದ್ದು, ಅವುಗಳನ್ನು ಕಲಿತು ಮಾಡಿ ತೋರಿಸಿದ ಮಗುವಿಗೆ ಸಮವಸ್ತ್ರದ ಮೇಲೆ ಧರಿಸುವ ಲಾಂಛನ ದೊರೆಯುತ್ತದೆ. ಶಾಲೆಯ ದರ್ಜೆಗಳಂತೆ ಇಲ್ಲಿ ಅಂಕಗಳಾಗಲಿ, ಮೊದಲ ಸ್ಥಾನವಾಗಲಿ ಇರುವುದಿಲ್ಲ.

ಹಿನ್ನೆಲೆ

ರಾಬರ್ಟ್ ಬೇಡನ್-ಪೊವೆಲ್ ಅವರು 1908ರಲ್ಲಿ ಪ್ರಕಟಿಸಿದ 'ಸ್ಕೌಟಿಂಗ್ ಫಾರ್ ಬಾಯ್ಸ್' ಕೃತಿಯು ದೊಡ್ಡ ಹುಡುಗರನ್ನು ಉದ್ದೇಶಿಸಿತ್ತು. ಅಣ್ಣಂದಿರನ್ನು ಕಂಡು ಚಿಕ್ಕವರೂ ದಳ ಸೇರಲು ಹಂಬಲಿಸಿದರು. ಆದರೆ ದೊಡ್ಡವರ ಪರೀಕ್ಷೆಗಳು ಅವರ ಶಕ್ತಿಗೆ ಮೀರಿದ್ದವು. ಆದುದರಿಂದ 1916ರಲ್ಲಿ ಚಿಕ್ಕ ಮಕ್ಕಳಿಗಾಗಿ 'ವುಲ್ಫ್ ಕಬ್', ಅಂದರೆ ತೋಳಮರಿ ವಿಭಾಗವನ್ನು ಬ್ರಿಟನ್ನಿನಲ್ಲಿ ವಿಧಿವತ್ತಾಗಿ ಆರಂಭಿಸಲಾಯಿತು. ಇದರ ಕಥಾವರಣವನ್ನು ರಡ್ಯಾರ್ಡ್ ಕಿಪ್ಲಿಂಗ್ ಅವರ 'ದ ಜಂಗಲ್ ಬುಕ್' ಕೃತಿಯಿಂದ ಪಡೆಯಲಾಗಿದೆ. ದಳದ ನಾಯಕರನ್ನು 'ಅಕೇಲಾ' ಎಂದು ಕರೆಯುವುದೂ ಆ ಕಥೆಯಿಂದಲೇ ಬಂದ ರೂಢಿ.

ಮೂಲ ಶ್ರೇಣಿಗಳು

ಹೊಸದಾಗಿ ಸೇರಿದ ಮಗುವಿಗೆ 'ಟೆಂಡರ್‌ಪ್ಯಾಡ್' ಎಂಬ ಹೆಸರಿತ್ತು. ಅಂದರೆ ಪಾದ ಇನ್ನೂ ಗಟ್ಟಿಯಾಗದ ಮರಿ. ದಳದ ನಿಯಮ, ಪ್ರತಿಜ್ಞೆ ಮತ್ತು ವಂದನೆಗಳನ್ನು ಅರಿಯುವುದು ಈ ಹಂತದ ಕಲಿಕೆ. ಬಳಿಕ ಎರಡು ನಕ್ಷತ್ರಗಳನ್ನು ಗಳಿಸಬೇಕಿತ್ತು. ತೋಳಮರಿಯು ಹುಟ್ಟುವಾಗ ಕಣ್ಣು ಮುಚ್ಚಿಕೊಂಡಿರುತ್ತದೆ; ಮೊದಲ ನಕ್ಷತ್ರ ಪಡೆದಾಗ ಅದರ ಒಂದು ಕಣ್ಣು, ಎರಡನೆಯದನ್ನು ಪಡೆದಾಗ ಮತ್ತೊಂದು ಕಣ್ಣು ತೆರೆಯಿತೆಂದು ಭಾವಿಸಲಾಗುತ್ತಿತ್ತು. ಲಾಗ ಹಾಕುವುದು, ಗಂಟು ಬಿಗಿಯುವುದು, ಗಡಿಯಾರ ನೋಡಿ ಸಮಯ ಹೇಳುವುದು, ಉಗುರು ಮತ್ತು ಹಲ್ಲುಗಳನ್ನು ಶುಚಿಯಾಗಿಡುವುದು ಮೊದಲ ನಕ್ಷತ್ರದ ಕಲಿಕೆಯಲ್ಲಿ ಸೇರಿದ್ದವು. ದಿಕ್ಕುಗಳ ಜ್ಞಾನ, ಸಂಜ್ಞೆಗಳ ಮೂಲಕ ಸಂದೇಶ ಕಳುಹಿಸುವುದು, ಪ್ರಥಮ ಚಿಕಿತ್ಸೆ ಇವು ಎರಡನೆಯದಕ್ಕೆ ಸೇರಿದ್ದವು.

ಭಾರತದಲ್ಲಿ

1950ರ ನವೆಂಬರ್ 7ರಂದು ಸ್ಥಾಪನೆಯಾದ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲಿ ಕಿರಿಯ ಬಾಲಕರನ್ನು ಕಬ್‌ಗಳೆಂದೂ, ಬಾಲಕಿಯರನ್ನು ಬುಲ್‌ಬುಲ್‌ಗಳೆಂದೂ ಕರೆಯಲಾಗುತ್ತದೆ. ಮಕ್ಕಳನ್ನು ಆರಾರರ ಗುಂಪುಗಳಾಗಿ ವಿಂಗಡಿಸಲಾಗುತ್ತದೆ. 'ಪ್ರವೇಶ' ಹಂತದ ಬಳಿಕ ಕಬ್‌ಗಳು ಪ್ರಥಮ, ದ್ವಿತೀಯ, ತೃತೀಯ ಮತ್ತು ಚತುರ್ಥ ಚರಣಗಳನ್ನು ಏರುತ್ತಾರೆ. ಬುಲ್‌ಬುಲ್‌ಗಳ ಹಂತಗಳಿಗೆ ಹಕ್ಕಿಯ ರೆಕ್ಕೆಗಳ ಹೆಸರಿದೆ: ಕೋಮಲ ಪಂಖ್, ರಜತ ಪಂಖ್, ಸ್ವರ್ಣ ಪಂಖ್ ಮತ್ತು ಹೀರಕ ಪಂಖ್. ಈ ವಯೋಮಾನದವರಿಗೆ ರಾಷ್ಟ್ರಮಟ್ಟದಲ್ಲಿ ನೀಡುವ ಪುರಸ್ಕಾರ 'ಗೋಲ್ಡನ್ ಆ್ಯರೋ'. ವಯಸ್ಸು ಮೀರಿದ ಬಳಿಕ ಬಾಲಕರು ಸ್ಕೌಟ್ ವಿಭಾಗಕ್ಕೂ, ಬಾಲಕಿಯರು ಗೈಡ್ ವಿಭಾಗಕ್ಕೂ ಸೇರುತ್ತಾರೆ.

ಮೌಲ್ಯಮಾಪನದ ತತ್ತ್ವ

'ನಿನ್ನಿಂದಾದಷ್ಟು ಚೆನ್ನಾಗಿ ಮಾಡು' ಎಂಬುದು ಕಬ್‌ಗಳ ಧ್ಯೇಯವಾಕ್ಯದ ತಾತ್ಪರ್ಯ. ಮಗುವಿನ ಸಾಧನೆಯನ್ನು ಅದರ ಹಿಂದಿನ ಸ್ಥಿತಿಯೊಡನೆ ಹೋಲಿಸಬೇಕೇ ಹೊರತು ಪಕ್ಕದ ಮಗುವಿನೊಡನೆ ಅಲ್ಲ ಎಂಬುದು ಇದರಿಂದ ಹೊರಡುವ ನಿಯಮ. ಅನಾಯಾಸವಾಗಿ ಹತ್ತು ಗಂಟುಗಳನ್ನು ಕಲಿತವನಿಗಿಂತ, ಹಲವು ಬಾರಿ ಸೋತರೂ ಬಿಡದೆ ಒಂದನ್ನು ಕಲಿತವನ ಶ್ರಮ ಇಲ್ಲಿ ಕಡಿಮೆಯದೆನಿಸುವುದಿಲ್ಲ. ಕಲಿಕೆಯಲ್ಲಿ ಹಿಂದುಳಿದ ಬಾಲಕರಿಗೆ ಆತ್ಮವಿಶ್ವಾಸ ತುಂಬುವುದೂ ಬೇಡನ್-ಪೊವೆಲ್ ಅವರ ಕಾಳಜಿಯಾಗಿತ್ತು. ಲಾಂಛನಗಳನ್ನು ಗಳಿಸುವುದು ಲಾಂಛನಗಳ ಬೇಟೆಯಾಗಿ ಮಾರ್ಪಡಬಾರದೆಂದೂ ಅವರು ಎಚ್ಚರಿಸಿದ್ದರು. ಲಾಂಛನಗಳ ಸಂಖ್ಯೆಯೇ ಗುರಿಯಾದಲ್ಲಿ, ಹೆಚ್ಚಿನ ಪ್ರೋತ್ಸಾಹ ಬೇಕಾದ ಮಕ್ಕಳೇ ಮತ್ತೆ ಹಿಂದುಳಿಯುತ್ತಾರೆ.