ಆಟದ ಫೋನಿನ ಬಾಯಿ ಮತ್ತು ಕಿವಿ

ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನಮ್ಮ ಹಿರಿಯರು ಅದನ್ನು ಬೆರಳಿನಿಂದ ಬಾರಿಸಿ ನೋಡುವರು. ದನಿ ಖಣಿಲೆಂದರೆ ಗಡಿಗೆ ಒಳ್ಳೆಯದು. ಬದ್ದೆಂದರೆ ಎಲ್ಲಿಯೋ ಸೀಳಿದೆಯೆಂದು ತಿಳಿದು ಕೆಳಗಿಡುವರು. ಒಂದು ಗಡಿಗೆಗೆ ಇಷ್ಟು ಪರೀಕ್ಷೆ! ಸಾವಿರಾರು ರೂಪಾಯಿ ಎಣಿಸಿ ಫೋನು ಕೊಳ್ಳುವ ನಾವಾದರೋ ಪರದೆಯನ್ನು ನೋಡುತ್ತೇವೆ, ಕೆಮರಾ ನೋಡುತ್ತೇವೆ, ಬ್ಯಾಟರಿ ಎಷ್ಟು ಹೊತ್ತು ಬರುವದೆಂದು ಕೇಳುತ್ತೇವೆ. ದನಿಯನ್ನು ಮಾತ್ರ ಬಾರಿಸಿ ನೋಡುವದಿಲ್ಲ. ಅಂಗಡಿಕಾರನು ಒಂದು ಹಾಡು ಹಚ್ಚಿ "ಆವಾಜ್ ಜೋರೈತಿ ನೋಡ್ರಿ" ಎಂದರೆ ಪರೀಕ್ಷೆ ಮುಗಿದಂತೆಯೆ. ಜೋರಾದ ದನಿ ಬೇರೆ, ನಿಜವಾದ ದನಿ ಬೇರೆ ಎಂಬದು ನನಗೂ ಮೊದಲು ತಿಳಿದಿರಲಿಲ್ಲ. ತಿಳಿದದ್ದು ಹೇಗೆಂಬದನ್ನೂ, ಯಾವ ಉಪಕರಣವಿಲ್ಲದೆ ಫೋನಿನ ಸ್ಪೀಕರು ಮತ್ತು ಮೈಕುಗಳನ್ನು ಹೇಗೆ ಪರೀಕ್ಷಿಸಬಹುದೆಂಬದನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ನಮ್ಮ ಮನೆಯಲ್ಲಿ ಕಾಲೇಜು ಕಂಡವರಲ್ಲಿ ನಾನೇ ಮೊದಲನೆಯವನು. ನಮ್ಮ ಆಯಿಗೆ ಸಹಿ ಮಾಡಲಿಕ್ಕೂ ಬಾರದು. ಆದರೆ ಬೀಸುವ ಕಲ್ಲಿನ ಮುಂದೆ ಕುಳಿತಳೆಂದರೆ ಹಾಡಿನ ಮೇಲೆ ಹಾಡು ಬರುವದು. ಊರಿಗೆ ಗಿರಣಿ ಬಂದು ಎಷ್ಟೋ ವರ್ಷಗಳಾದರೂ ಹಬ್ಬದ ದಿನ ನಾಲ್ಕು ಹಿಡಿ ಕಾಳನ್ನಾದರೂ ಕಲ್ಲಿಗೆ ಹಾಕದೆ ಬಿಡುವದಿಲ್ಲ. ಹೋದ ವರ್ಷ ನನ್ನ ತಮ್ಮನು ಕೂಲಿಯ ಹಣ ಕೂಡಿಸಿ ಆಟಕ್ಕೆಂದೇ ಮಾಡಿದ ಒಂದು ಫೋನು ಕೊಂಡನು. ಊರಿನಲ್ಲಿ ಅದಕ್ಕಿಂತ ಜೋರಾದ ಫೋನು ಇರಲಿಲ್ಲ. ಇಷ್ಟು ಒಳ್ಳೆಯ ಫೋನಿನಲ್ಲಿ ಆಯಿಯ ಹಾಡು ಹಿಡಿಯಬೇಕೆಂದು ದೀಪಾವಳಿಯ ದಿನ ಸಂದೇಶ ಕಳಿಸುವ ಆ್ಯಪಿನಲ್ಲಿಯೆ ಗುಂಡಿ ಒತ್ತಿ ಎರಡು ಹಾಡು ಹಿಡಿದೆನು. ಸಂಜೆಗೆ ಆಯಿಗೆ ಕೇಳಿಸಿದೆನು. ಅವಳು ಕಿವಿಗೊಟ್ಟು ಕೇಳಿ, "ಕಲ್ಲೆಲ್ಲಿ ಹೋತೋ? ನಾ ಸುಮ್ನ ಕುಂತ ಹಾಡಿದಂಗ ಕೇಳತೈತಿ" ಎಂದಳು. ನಿಜ. ಕಲ್ಲಿನ ಗರಗರ ಸಪ್ಪಳ ಒಂದಿಷ್ಟೂ ಇರಲಿಲ್ಲ. ಮೇಲಾಗಿ ಸಾಲಿನ ಕೊನೆಗೆ ಅವಳು ದನಿಯನ್ನು ಇಳಿಸಿ ಎಳೆಯುವ ಎಡೆಯಲ್ಲೆಲ್ಲ ಹಾಡು ಕತ್ತರಿಸಿದಂತೆ ನಿಂತುಹೋಗಿತ್ತು.

ಇದು ಹೇಗಾಯಿತೆಂಬದನ್ನು ತಿಳಿಯಬೇಕಾದರೆ ಫೋನಿನ ಬಾಯಿ, ಕಿವಿಗಳ ರಚನೆಯನ್ನು ಸ್ವಲ್ಪ ನೋಡಬೇಕು. ಸ್ಪೀಕರು ಎಂದರೆ ಬಾಯಿ. ವಿದ್ಯುತ್ತಿನ ಏರಿಳಿತಕ್ಕೆ ತಕ್ಕಂತೆ ಒಂದು ತೆಳು ಪರೆ ಅಲುಗಿ ಗಾಳಿಯನ್ನು ನೂಕುವದು. ಮೈಕು ಎಂದರೆ ಕಿವಿ. ಗಾಳಿಯ ನಡುಕಕ್ಕೆ ಒಂದು ಪರೆ ಅಲುಗಿ ವಿದ್ಯುತ್ತಿನ ಏರಿಳಿತ ಹುಟ್ಟುವದು. ಇಂದಿನ ಫೋನುಗಳಲ್ಲಿ ಮೈಕಿನ ಪರೆ ಸಿಲಿಕಾನಿನದು; ಅಗಲ ಸುಮಾರು ಒಂದು ಮಿಲಿಮೀಟರು. ನಾವು ಕಾಣುವ ಸೂಜಿಯ ತೂತು ಅದರ ಬಾಗಿಲು ಮಾತ್ರ. ಹೆಚ್ಚಿನ ಫೋನುಗಳಲ್ಲಿ ಕಡಿಮೆಯೆಂದರೆ ಎರಡು ಮೈಕುಗಳಿರುವವು. ಕೆಳಗಿನದು ನಮ್ಮ ಮಾತನ್ನು ಕೇಳುವದು. ಮೇಲಿನದು ಸುತ್ತಲಿನ ಗದ್ದಲವನ್ನು ಕೇಳುವದು. ಒಳಗಿನ ಯಂತ್ರವು ಎರಡನ್ನೂ ಹೋಲಿಸಿ ಗದ್ದಲವನ್ನು ಕಳೆದು ಮಾತನ್ನು ಮಾತ್ರ ಮುಂದಕ್ಕೆ ಕಳಿಸುವದು.

ಇನ್ನು ಆಟದ ಫೋನಿನ ವಿಶೇಷ. ಗುಂಡಿನ ಕಾಳಗದ ಆಟಗಳಲ್ಲಿ ವೈರಿಯ ಹೆಜ್ಜೆಯ ಸಪ್ಪಳ ಎಡಕ್ಕೋ ಬಲಕ್ಕೋ ಎಂಬದು ತಿಳಿಯಬೇಕು. ಜೊತೆಗಾರರ ಕೂಗು ಕೇಳಿಸಬೇಕು. ಸಾಮಾನ್ಯ ಫೋನಿನಲ್ಲಿ ಒಂದು ಸ್ಪೀಕರು ಕೆಳಗಿನ ಅಂಚಿನಲ್ಲಿರುವದು. ಇನ್ನೊಂದು ಇದ್ದರೆ ಕಿವಿಗೆ ಹಿಡಿಯುವ ಸಣ್ಣ ಸ್ಪೀಕರೇ ಆ ಕೆಲಸ ಮಾಡುವದು. ಹೀಗಾಗಿ ಒಂದು ಮಗ್ಗುಲು ಜೋರು, ಇನ್ನೊಂದು ಮಗ್ಗುಲು ಮೆಲ್ಲಗೆ. 2017ರಲ್ಲಿ ಬಂದ ರೇಜರ್ ಫೋನು, 2018ರಲ್ಲಿ ಬಂದ ಆಸುಸ್ ಕಂಪನಿಯ ಆರ್‌ಓಜಿ ಫೋನುಗಳು ಪರದೆಯ ಎರಡು ತುದಿಗಳಲ್ಲಿಯೂ ಎದುರುಮುಖವಾಗಿ ಸ್ಪೀಕರುಗಳನ್ನು ಇಟ್ಟವು. ಇದು ನಿಜವಾದ ಸುಧಾರಣೆ. ಆದರೆ ಆಟದ ಫೋನು ತಯಾರಾದದ್ದು ಹೆಜ್ಜೆ, ಗುಂಡು, ಕೂಗುಗಳಿಗಾಗಿ. ಉಳಿದ ದನಿಗಳ ಬಗ್ಗೆ ಅದು ಏನು ಮಾಡುವದೆಂಬದನ್ನು ನಾವೇ ಪರೀಕ್ಷಿಸಬೇಕು.

ನಮ್ಮದು ಕಲಾ ಮಹಾವಿದ್ಯಾಲಯ. ಇಲ್ಲಿ ಧ್ವನಿಯನ್ನು ಅಳೆಯುವ ಪ್ರಯೋಗಾಲಯವಿಲ್ಲ. ಫೋನಿನಲ್ಲಿ ಹಾಕಿಕೊಳ್ಳುವ ಡೆಸಿಬೆಲ್ ಮಾಪಕವು ಒಂದು ಸಪ್ಪಳಕ್ಕಿಂತ ಇನ್ನೊಂದು ಹೆಚ್ಚೆಂದು ತೋರಿಸೀತೇ ಹೊರತು ಅದರ ಅಂಕಿಯನ್ನು ನಂಬುವ ಹಾಗಿಲ್ಲ. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಗೆಳೆಯರು ನಮಗಿದ್ದಾರೆ. ಆ ಊರುಗಳ ಸಪ್ಪಳಗಳೇ ನಮ್ಮ ಪ್ರಯೋಗಾಲಯವಾದವು.

ಮೊದಲು ಸ್ಪೀಕರು. ಬೈಲಹೊಂಗಲ ಬಸ್ ನಿಲ್ದಾಣದ ಗದ್ದಲದಲ್ಲಿ ತಮ್ಮನ ಫೋನಿನಿಂದ ‘ಸಂಗ್ಯಾ ಬಾಳ್ಯಾ’ ಸಣ್ಣಾಟದ ಒಂದು ಹಾಡನ್ನು ಹಚ್ಚಿದೆವು. ಹತ್ತು ಹೆಜ್ಜೆ ದೂರಕ್ಕೂ ಕೇಳಿಸಿತು. ಅದೇ ಹಾಡನ್ನು ಮನೆಯಲ್ಲಿ ಪೂರ್ತಿ ಜೋರಿನಲ್ಲಿ ಹಚ್ಚಿದಾಗ ದೋಷಗಳು ಹೊರಬಿದ್ದವು. ‘ಸ’ಕಾರ ಬಂದಲ್ಲೆಲ್ಲ ಕಿವಿ ಚುಚ್ಚಿತು. ಜೋರನ್ನು ಅರ್ಧಕ್ಕೆ ಇಳಿಸಿದ ಕೂಡಲೆ ಚುಚ್ಚುವದು ನಿಂತಿತು. ಆದ್ದರಿಂದ ಸ್ಪೀಕರಿನ ಗುಣವನ್ನು ಎರಡು ಸಲ ನೋಡಬೇಕು: ಅರ್ಧ ಜೋರಿನಲ್ಲಿ ಒಮ್ಮೆ, ಪೂರ್ತಿ ಜೋರಿನಲ್ಲಿ ಒಮ್ಮೆ. ಜೋರು ಏರಿದಂತೆ ದನಿ ದೊಡ್ಡದಾಗಬೇಕು, ಒಡಕಾಗಬಾರದು.

ಎರಡನೆಯದಾಗಿ, ಫೋನನ್ನು ಅಡ್ಡ ಹಿಡಿದು ಎಡಗಡೆಯ ಸ್ಪೀಕರನ್ನು ಬೆರಳಿನಿಂದ ಮುಚ್ಚಿರಿ, ಅನಂತರ ಬಲಗಡೆಯದನ್ನು. ಎರಡೂ ಸಮನಾಗಿ ನುಡಿಯುವವೋ ನೋಡಿರಿ. ಆಡುವಾಗ ಕೈ ಎಲ್ಲಿ ಬೀಳುವದೋ ಅಲ್ಲಿಯೆ ಸ್ಪೀಕರು ಇದ್ದರೆ ಎಷ್ಟು ಒಳ್ಳೆಯದಿದ್ದರೂ ವ್ಯರ್ಥ. ನಮ್ಮ ಎರಡು ಕಿವಿಗಳಿಗೆ ಒಂದು ಸಪ್ಪಳ ಮುಟ್ಟುವ ಕಾಲದಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರವಿರುವದು. ಅಷ್ಟರಿಂದಲೂ, ಎರಡು ಕಡೆಯ ಜೋರಿನ ವ್ಯತ್ಯಾಸದಿಂದಲೂ ನಾವು ದಿಕ್ಕನ್ನು ಅರಿಯುತ್ತೇವೆ. ಒಂದು ಗೇಣಿಗಿಂತ ದೂರವಿಲ್ಲದ ಎರಡು ಸ್ಪೀಕರುಗಳಿಂದ ಈ ಕೆಲಸ ಪೂರ್ತಿ ಆಗದು. ದಿಕ್ಕು ಬೇಕಾದವರಿಗೆ ತಂತಿಯ ಇಯರ್‌ಫೋನೇ ಒಳ್ಳೆಯದು. ತಂತಿಯಿಲ್ಲದ್ದರಲ್ಲಿ ದನಿ ತುಸು ತಡವಾಗಿ ಬರುವದು.

ಮೂರನೆಯದು ಮಂದ್ರದ ಪರೀಕ್ಷೆ. ಡೊಳ್ಳಿನ ದನಿ ಹಚ್ಚಿರಿ. ಬಡಿಗೆಯ ಪೆಟ್ಟು ಕೇಳಿಸುವದು; ಎದೆಗೆ ತಾಗುವ ‘ಧಿಂ’ ಕೇಳಿಸದು. ಅಷ್ಟು ಸಣ್ಣ ಪರೆಯು ಅಷ್ಟು ಗಾಳಿಯನ್ನು ನೂಕಲಾರದು. ಇದು ಒಂದು ಫೋನಿನ ದೋಷವಲ್ಲ, ಎಲ್ಲ ಫೋನುಗಳ ಮಿತಿ. ಗಂಡಸಿನ ದನಿಯ ಮೂಲ ಕಂಪನ ಸೆಕೆಂಡಿಗೆ ಸುಮಾರು 100ರಷ್ಟು. ಅದನ್ನು ಫೋನಿನ ಸ್ಪೀಕರು ಹೊರಡಿಸುವದೇ ಕಷ್ಟ. ಆದರೂ ನಮಗೆ ಗಂಡುದನಿ ಗಂಡುದನಿಯಾಗಿಯೆ ಕೇಳಿಸುವದು. ಏಕೆಂದರೆ ಮೇಲಿನ ಕಂಪನಗಳನ್ನು ಕೇಳಿ ಕೆಳಗಿನದನ್ನು ನಮ್ಮ ಮಿದುಳೇ ತುಂಬಿಕೊಳ್ಳುವದು.

ಈಗ ಮೈಕಿಗೆ ಬರೋಣ. ಇದಕ್ಕೆ ಕನ್ನಡದ ಅಕ್ಷರಗಳೇ ಒಳ್ಳೆಯ ಒರೆಗಲ್ಲು. ಸಾಲು–ಶಾಲು, ಹಳ್ಳಿ–ಹಲ್ಲಿ, ಬೆಳೆ–ಬೆಲೆ, ಕಣ–ಕನ, ಹಾಲು–ಕಾಲು, ಇಂಥ ಶಬ್ದಗಳ ಒಂದು ಪಟ್ಟಿಯನ್ನು ಅಡ್ಡಾದಿಡ್ಡಿಯಾಗಿ ಬರೆದುಕೊಂಡು ಒಬ್ಬನು ಫೋನಿನಲ್ಲಿ ಓದಬೇಕು. ಅತ್ತ ಕಡೆಯವನು ಕೇಳಿದ್ದನ್ನು ಬರೆಯಬೇಕು. ಕೊನೆಗೆ ಎರಡನ್ನೂ ಹೋಲಿಸಬೇಕು. ವಾಕ್ಯಗಳನ್ನು ಓದಬಾರದು, ವಾಕ್ಯವಿದ್ದರೆ ಕೇಳದ್ದನ್ನೂ ಊಹಿಸಿ ಬರೆಯಬಹುದು. ಮನುಷ್ಯನ ಕಿವಿಯು ಸೆಕೆಂಡಿಗೆ 20ರಿಂದ 20,000 ಕಂಪನಗಳ ವರೆಗೆ ಕೇಳಬಲ್ಲದು. ಹಳೆಯ ಟೆಲಿಫೋನು 300ರಿಂದ 3,400ರ ವರೆಗಿನದನ್ನಷ್ಟೆ ಒಯ್ಯುತ್ತಿತ್ತು. ‘ಸ’ಕಾರದ ಬಲವೆಲ್ಲ ಅದಕ್ಕೂ ಮೇಲೆಯೆ ಇರುವದರಿಂದ ಸಾಲು ಶಾಲಾಗುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಇಂದಿನ 4ಜಿ ಕರೆಯು, ಎರಡೂ ಕಡೆಗೆ ಅನುಕೂಲವಿದ್ದರೆ, 7,000ದ ವರೆಗೆ ಒಯ್ಯುವದು.

ರಾಮದುರ್ಗದ ಗೆಳೆಯನ ಮನೆಯಲ್ಲಿ ಮಗ್ಗಗಳಿವೆ. ಅವನು ನಡೆಯುವ ಮಗ್ಗದ ಮಗ್ಗುಲಿಗೆ ನಿಂತು ತಮ್ಮನ ಫೋನಿನಿಂದ ಈ ಪಟ್ಟಿಯನ್ನು ಓದಿದನು. ಮಗ್ಗದ ಖಟಖಟ ನನಗೆ ಕೇಳಿಸಲೇ ಇಲ್ಲ! ಫೋನಿನ ಜಾಣತನವನ್ನು ಮೆಚ್ಚಿದೆನು. ಆದರೆ ಪಟ್ಟಿಗಳನ್ನು ಹೋಲಿಸಿದಾಗ ಹಳ್ಳಿಯು ಹಲ್ಲಿಯಾಗಿತ್ತು. ಶಬ್ದಗಳ ಬಾಲಗಳು ಅಲ್ಲಲ್ಲಿ ಹರಿದಿದ್ದವು. ಅದೇ ಸ್ಥಳದಲ್ಲಿ ಧ್ವನಿಮುದ್ರಣದ ಆ್ಯಪಿನಿಂದ ಹಿಡಿದಾಗ ಮಗ್ಗವೂ ಕೇಳಿಸಿತು, ‘ಳ’ಕಾರವೂ ಉಳಿಯಿತು. ಆಗ ನನಗೆ ಆಯಿಯ ಕಲ್ಲು ಎಲ್ಲಿ ಹೋಯಿತೆಂಬದು ಹೊಳೆಯಿತು. ಒಂದೇ ಸಮನೆ ನಡೆಯುವ ಸಪ್ಪಳವೆಲ್ಲ ಗದ್ದಲವೆಂದೂ, ಏರಿಳಿಯುವದೇ ಮಾತೆಂದೂ ಈ ಯಂತ್ರ ತಿಳಿಯುವದು. ಮಗ್ಗವನ್ನು ಕಳೆಯುವ ಯಂತ್ರವು ಬೀಸುವ ಕಲ್ಲನ್ನೂ ಕಳೆಯಿತು. ಕಲ್ಲಿನೊಡನೆ ಬೆರೆತಿದ್ದ ಆಯಿಯ ಇಳಿದನಿಯನ್ನೂ ಒಯ್ದಿತು. ಯಂತ್ರದ ತಪ್ಪೇನೂ ಇಲ್ಲ. ಕರೆಯ ಕೆಲಸಕ್ಕೆ ಅದು ಸರಿಯೆ. ಹಾಡಿನಲ್ಲಿ ಕಲ್ಲು ಗದ್ದಲವಲ್ಲ, ಶ್ರುತಿ, ತಾಳ ಎರಡೂ ಅದೇ ಎಂದು ಅದಕ್ಕೆ ಹೇಳುವವರು ಯಾರು?

ಕಿತ್ತೂರ ಕೋಟೆಯ ಬಯಲಿನಲ್ಲಿ ಗಾಳಿಯ ಪರೀಕ್ಷೆ ಮಾಡಿದೆವು. ಮುದ್ರಣದಲ್ಲಿ ಮಾತಿಗಿಂತ ‘ಭರ್’ ಎಂಬುದೇ ಹೆಚ್ಚು. ಇದು ದೂರದಿಂದ ಬಂದ ಸಪ್ಪಳವಲ್ಲ. ಗಾಳಿಯು ಮೈಕಿನ ತೂತಿಗೆ ಅಪ್ಪಳಿಸಿ ಅಲ್ಲಿಯೆ ಹುಟ್ಟಿದ್ದು. ಗಾಳಿಗೆ ಬೆನ್ನು ಮಾಡಿ ನಿಂತು, ಫೋನಿಗೆ ತೆಳುವಾದ ವಸ್ತ್ರ ಸುತ್ತಿದರೆ ಬಹಳ ಮಟ್ಟಿಗೆ ಕಡಿಮೆಯಾಗುವದು.

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಚೌಡಿಕೆಯ ಪದ ಹಾಡುವವರನ್ನು ಕೇಳಿ, ಅವರು ಒಪ್ಪಿದ ಮೇಲೆ ಹತ್ತಿರ ಕುಳಿತು ಹಿಡಿದೆವು. ಚೌಡಿಕೆ, ತಾಳಗಳ ಪೆಟ್ಟಿಗೊಮ್ಮೆ ದನಿ ಚರ್ರೆಂದು ಹರಿಯಿತು. ಮೈಕಿಗೆ ತಡೆಯಲಾರದಷ್ಟು ಜೋರಾದರೆ ಅಲೆಯ ನೆತ್ತಿ ಕತ್ತರಿಸಿಹೋಗುವದು. ಅದನ್ನು ಅನಂತರ ಯಾವ ಉಪಾಯದಿಂದಲೂ ಜೋಡಿಸಲಾಗದು. ನಾಲ್ಕು ಹೆಜ್ಜೆ ಹಿಂದೆ ಸರಿದೆವು, ಸರಿಹೋಯಿತು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ದನಿಯ ಮಟ್ಟ 6 ಡೆಸಿಬೆಲ್ ಇಳಿಯುವದು. ಗುಡ್ಡದಿಂದ ಬಂದ ಮೇಲೆ ಸ್ಪೀಕರಿನ ಜಾಳಿಗೆಯಲ್ಲಿ ಭಂಡಾರ ಕುಳಿತಿತ್ತು. ನಮ್ಮ ಕಡೆಗೆ ಎರೆಮಣ್ಣಿನ ಧೂಳು, ಹತ್ತಿಯ ಎಳೆಗಳೂ ಹೀಗೆಯೆ ತೂತು ಮುಚ್ಚುವವು. ಒಣಗಿದ ಮೆತ್ತನೆಯ ಬ್ರಷ್ಷಿನಿಂದ ಝಾಡಿಸಬೇಕು. ಮೈಕಿನ ತೂತಿನಲ್ಲಿ ಸೂಜಿಯನ್ನಂತೂ ಹಾಕಲೇಬಾರದು. ಒಳಗಿನ ಪರೆ ಹರಿಯುವದು.

ಕೊನೆಯ ಪರೀಕ್ಷೆ ಮೌನದ್ದು. ರಾತ್ರಿ ಊರು ಮಲಗಿದ ಮೇಲೆ ಒಂದು ನಿಮಿಷ ಏನೂ ಮಾತಾಡದೆ ಮುದ್ರಿಸಿ, ಇಯರ್‌ಫೋನಿನಿಂದ ಕೇಳಿರಿ. ಎಲ್ಲ ಮೈಕುಗಳಿಗೂ ತಮ್ಮದೇ ಆದ ಒಂದು ‘ಸುಯ್’ ದನಿ ಇರುವದು. ಅದು ಎಷ್ಟು ಕಡಿಮೆಯೋ ಮೈಕು ಅಷ್ಟು ಒಳ್ಳೆಯದು. ತಮ್ಮನ ಫೋನು ಈ ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾಯಿತು. ಅಂದರೆ ಕಿವಿ ಒಳ್ಳೆಯದೇ ಇತ್ತು. ಕೇಳಿದ್ದನ್ನು ಕಳೆಯುವ ಬುದ್ಧಿಯೇ ನಮಗೆ ಬೇಡವಾಗಿತ್ತು.

ಇಷ್ಟನ್ನು ತಿಳಿದ ಮೇಲೆ ಈ ವರ್ಷದ ಹಬ್ಬಕ್ಕೆ ಮತ್ತೆ ಆಯಿಯ ಮುಂದೆ ಕುಳಿತೆನು. ಆಟದ ಮೋಡನ್ನೂ, ಗದ್ದಲ ಕಳೆಯುವ ವ್ಯವಸ್ಥೆಯನ್ನೂ ಆರಿಸಿದೆನು. ನಡುವೆ ಕರೆ ಬಾರದಂತೆ ಏರೋಪ್ಲೇನ್ ಮೋಡಿಗೆ ಹಾಕಿದೆನು. ಕಲ್ಲಿನ ಅದುರು ನೆಲದ ಮೂಲಕ ಮುಟ್ಟದಂತೆ ಫೋನನ್ನು ಮಡಿಚಿದ ಕೌದಿಯ ಮೇಲೆ, ಒಂದು ಮಾರು ದೂರ, ಕೆಳಗಿನ ಮೈಕು ಅವಳ ಕಡೆಗೆ ಬರುವಂತೆ ಇಟ್ಟೆನು. ಕುಗ್ಗಿಸದ ವೇವ್ ಕಡತದಲ್ಲಿ ಮುದ್ರಿಸಿದೆನು. ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದು, ಪ್ರತಿಯೊಂದನ್ನು ಎರಡು ಬೈಟಿನಲ್ಲಿ ಬರೆದರೆ ನಿಮಿಷಕ್ಕೆ ಸುಮಾರು 5 ಎಂಬಿ ಆಗುವದು. ಒಂದು ಹಾಡಿಗೆ ಇಷ್ಟು ಜಾಗ ಹೆಚ್ಚಲ್ಲ. ಊರ ಹೊರಗಿರುವ ನಮ್ಮವರಿಗೆ ಧ್ವನಿಸಂದೇಶವಾಗಿ ಅಲ್ಲ, ಕಡತವಾಗಿಯೆ ಕಳಿಸಿದೆನು. ಇಲ್ಲವಾದರೆ ಆ್ಯಪು ಮತ್ತೆ ಕುಗ್ಗಿಸುವದು. ಆಯಿಗೂ ಕೇಳಿಸಿದೆನು. "ಹ್ಞಾ, ಈಗ ಕಲ್ಲ ತಿರಗಾಕತ್ತೈತಿ" ಎಂದಳು.

ಆದರೆ ಹೋದ ವರ್ಷದ ಆ ಎರಡು ಹಾಡುಗಳನ್ನು ಮತ್ತೆ ಹಾಡೆಂದರೆ ಒಂದರ ಮೊದಲ ಸಾಲು ಹಾಡಿ ನಿಂತಳು. ಇನ್ನೊಂದು ನೆನಪಿಗೇ ಬರಲಿಲ್ಲ. "ಮರತ ಹೋತು ಬಿಡು" ಎಂದಳು. ಈಗ ಅವು ಉಳಿದಿರುವದು ಆ ಹರಕು ಮುದ್ರಣದಲ್ಲಿ ಮಾತ್ರ, ಕಲ್ಲಿಲ್ಲದೆ, ಬಾಲವಿಲ್ಲದೆ.

ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯು 19ನೆಯ ಶತಮಾನದ ಕೊನೆಯಲ್ಲಿ ಈ ನಾಡಿನ ಲಾವಣಿಗಳನ್ನು ಕೂಡಿಸಿ ಅಚ್ಚು ಮಾಡಿಸಿದನು. ಸಂಗೊಳ್ಳಿ ರಾಯಣ್ಣನ ಲಾವಣಿಯೂ ಅವುಗಳಲ್ಲಿ ಒಂದು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಅವರ ಕೈಯಲ್ಲಿದ್ದದ್ದು ಕಾಗದ, ಲೇಖನಿ. ಮಾತುಗಳು ಉಳಿದವು, ಹಾಡಿದವರ ದನಿ ಉಳಿಯಲಿಲ್ಲ. ಇಂದು ದನಿಯನ್ನೂ ಉಳಿಸುವ ಸಾಧನ ನಮ್ಮೆಲ್ಲರ ಕಿಸೆಯಲ್ಲಿದೆ. ಅದು ಆಟಕ್ಕೆಂದು ಕೊಂಡದ್ದಾದರೂ ಚಿಂತೆಯಿಲ್ಲ. ಆದರೆ ವಿದ್ಯಾರ್ಥಿಮಿತ್ರರೆ, ಅಜ್ಜಿಯ ಮುಂದೆ ಅದನ್ನು ಇಡುವ ಮೊದಲು ಗಡಿಗೆಯಂತೆ ಒಮ್ಮೆ ಬಾರಿಸಿ ನೋಡಿರಿ. ಫೋನನ್ನು ಎಷ್ಟು ಸಲವಾದರೂ ಪರೀಕ್ಷಿಸಬಹುದು. ಮರೆತ ಹಾಡನ್ನು ಮತ್ತೊಮ್ಮೆ ಹಾಡಿಸಲಾಗದು.