ಕನ್ನಡ ತರಗತಿಗೆ ಗಣಿತದ ಅಧ್ಯಾಪಕರು ಎಲ್ಲಿಂದ ಬರಬೇಕು?

ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಮೇಲೆ ನಮ್ಮ ಕನ್ನಡ ಮನೆಗಳಲ್ಲಿ ಒಂದು ಚರ್ಚೆ ನಡೆಯುತ್ತದೆ. ಹುಡುಗನಿಗೆ ಪ್ಲಸ್ ಟುವಿನಲ್ಲಿ ಯಾವ ವಿಷಯ? ಮಗಳನ್ನು ನರ್ಸಿಂಗಿಗೆ ಕಳುಹಿಸುವುದೇ, ಮಂಗಳೂರಿಗೆ ಬಿ.ಕಾಂ. ಓದಲು ಕಳುಹಿಸುವುದೇ? ಈ ಚರ್ಚೆಯಲ್ಲಿ ಹೈಸ್ಕೂಲು ಅಧ್ಯಾಪಕ ವೃತ್ತಿಯ ಮಾತು ಬರುವುದು ಅಪರೂಪ. ಬಂದರೂ "ಅದಕ್ಕೆಲ್ಲ ಪಿ.ಎಸ್.ಸಿ. ಬರೆಯಬೇಕು, ಯಾವ ಕಾಲಕ್ಕೆ ಸಿಗುತ್ತದೋ" ಎಂಬಲ್ಲಿಗೆ ಮುಗಿಯುತ್ತದೆ. ಅದೇ ಮನೆಯ ಕಿರಿಯ ಮಗು ಎಂಟನೆಯ ತರಗತಿಗೆ ಹೋಗುವಾಗ "ಗಣಿತಕ್ಕೆ ಕನ್ನಡ ಬಲ್ಲ ಅಧ್ಯಾಪಕರಿಲ್ಲ" ಎಂದು ದೂರು ಹೇಳುವವರೂ ನಾವೇ. ಈ ಎರಡು ಮಾತುಗಳ ನಡುವಿನ ಸಂಬಂಧವನ್ನು ಸ್ವಲ್ಪ ಬಿಡಿಸಿ ನೋಡಬೇಕಾಗಿದೆ.

ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರ ನೇಮಕವಾದಾಗ ಮಕ್ಕಳು, ಹೆತ್ತವರು ಬೀದಿಗಿಳಿದದ್ದೂ, ವಿಷಯ ಉಚ್ಚ ನ್ಯಾಯಾಲಯದವರೆಗೆ ಹೋದದ್ದೂ ಓದುಗರಿಗೆ ಗೊತ್ತೇ ಇದೆ. 2018ರಲ್ಲಿ ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಚಲನಚಿತ್ರ ಇದನ್ನೇ ಕಥೆಯಾಗಿಸಿತು. ಆ ಚಿತ್ರದಿಂದ ನಮ್ಮ ಕಷ್ಟ ಘಟ್ಟದ ಮೇಲಿನವರಿಗೂ ತಿಳಿಯಿತು. ಪ್ರತಿಭಟನೆ ಅಗತ್ಯವೇ. ಆದರೆ ತಪ್ಪು ನೇಮಕವೊಂದನ್ನು ತಡೆದ ಮಾತ್ರಕ್ಕೆ ಸರಿಯಾದ ಅಧ್ಯಾಪಕರು ಹುಟ್ಟಿಬರುವುದಿಲ್ಲ. ಪಿ.ಎಸ್.ಸಿ. ಕನ್ನಡ ಮಾಧ್ಯಮಕ್ಕೆಂದೇ ಗಣಿತ, ಭೌತವಿಜ್ಞಾನ, ಜೀವವಿಜ್ಞಾನ, ಸಮಾಜವಿಜ್ಞಾನಗಳ ಹುದ್ದೆಗಳನ್ನು ಪ್ರತ್ಯೇಕವಾಗಿ ಪ್ರಕಟಿಸುತ್ತದೆ. ಆ ಪಟ್ಟಿಯಲ್ಲಿ ಸೇರಲು ಅರ್ಹರಾದ ಕನ್ನಡದ ಮಕ್ಕಳು ಇದ್ದರೆ ತಾನೆ ನಮ್ಮ ವಾದಕ್ಕೆ ಬಲ?

ಲೆಕ್ಕ ಹಾಕಿ ನೋಡಿ. 2026ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗಿಯೊಬ್ಬಳು ಪ್ಲಸ್ ಟುವಿಗೆ ಎರಡು ವರ್ಷ, ಪದವಿಗೆ ಕಡಿಮೆಯೆಂದರೆ ಮೂರು ವರ್ಷ, ಬಿ.ಎಡ್.ಗೆ ಎರಡು ವರ್ಷ ಕಳೆದು ಹೊರಬರುವಾಗ 2033 ಬಂದಿರುತ್ತದೆ. ಬಿ.ಎಡ್. ಹಿಂದೆ ಒಂದೇ ವರ್ಷದ್ದಾಗಿತ್ತು. 2015ರಿಂದ ಎರಡು ವರ್ಷದ್ದಾಯಿತು. ಆ ಮೇಲೆ ಕೆ-ಟೆಟ್ ಅರ್ಹತಾ ಪರೀಕ್ಷೆ, ಪಿ.ಎಸ್.ಸಿ. ಪರೀಕ್ಷೆ. ಅಂದರೆ ಇಂದು ಖಾಲಿಯಾದ ಕುರ್ಚಿಗೆ ಇಂದೇ ಜನ ಹುಡುಕಿದರೆ ಸಿಗುವುದಿಲ್ಲ, ಏಳೆಂಟು ವರ್ಷಗಳ ಹಿಂದೆಯೇ ಹುಡುಕಿರಬೇಕಾಗಿತ್ತು. ಸರಕಾರಿ ನೌಕರಿಯಲ್ಲಿ ಯಾರು ಯಾವಾಗ ನಿವೃತ್ತರಾಗುತ್ತಾರೆಂಬುದು ಗುಟ್ಟಿನ ಸಂಗತಿಯೇನೂ ಅಲ್ಲ. 2013ರ ಎಪ್ರಿಲಿಗೆ ಮೊದಲು ಕೇರಳದಲ್ಲಿ ಸೇವೆಗೆ ಸೇರಿದ ಅಧ್ಯಾಪಕರು 56ನೆಯ ವಯಸ್ಸಿಗೆ ನಿವೃತ್ತರಾಗುತ್ತಾರೆ. ಊರಿನ ಹೈಸ್ಕೂಲಿನ ಗಣಿತದ ಮಾಸ್ತರರಿಗೆ ಈಗ ಐವತ್ತಾಗಿದ್ದರೆ, ಅವರ ಜಾಗಕ್ಕೆ ಬರಬೇಕಾದ ಅಧ್ಯಾಪಕರು ಈಗಾಗಲೇ ಪ್ಲಸ್ ಟು ತರಗತಿಯಲ್ಲಿ ಕುಳಿತಿರಬೇಕು.

ದಾರಿ ಯಾವುದು ಎಂದು ಕೇಳುವ ಹೆತ್ತವರಿಗೆ ಸ್ಥೂಲವಾಗಿ ಹೇಳುವುದಾದರೆ, ಡಿ.ಎಲ್.ಎಡ್. ಎಂದರೆ ನಮ್ಮ ಹಿರಿಯರು ಟಿ.ಟಿ.ಸಿ. ಎನ್ನುತ್ತಿದ್ದ ತರಬೇತಿ. ಪ್ಲಸ್ ಟು ಆದ ಮೇಲೆ ಎರಡು ವರ್ಷ. ಕಿರಿಯ ಪ್ರಾಥಮಿಕ ಮತ್ತು ಹಿರಿಯ ಪ್ರಾಥಮಿಕ ತರಗತಿಗಳಿಗೆ ಅದು ಸಾಕು. ಜಿಲ್ಲೆಯ ಡಯಟ್ ಇರುವುದು ಮಾಯಿಪ್ಪಾಡಿಯಲ್ಲಿ. ಪದವಿಯ ಜೊತೆ ಬಿ.ಎಡ್. ಮಾಡಿದವರು ಹಿರಿಯ ಪ್ರಾಥಮಿಕ ಮತ್ತು ಹೈಸ್ಕೂಲಿಗೆ ಸಲ್ಲುತ್ತಾರೆ. ಬಿ.ಎಡ್. ಇದ್ದ ಮಾತ್ರಕ್ಕೆ ಪ್ರಾಥಮಿಕ ಮಟ್ಟಕ್ಕೆ ಅರ್ಹತೆ ಬರುವುದಿಲ್ಲವೆಂದು 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಕೆ-ಟೆಟ್‌ನ ಮೂರನೆಯ ವಿಭಾಗ ಹೈಸ್ಕೂಲಿನವರಿಗೆ. ಒಟ್ಟು 150 ಅಂಕಗಳು: ಹದಿಹರೆಯದ ಮನಶ್ಶಾಸ್ತ್ರ ಮತ್ತು ಬೋಧನೆಗೆ 40, ಭಾಷೆಗೆ 30, ಸ್ವಂತ ವಿಷಯಕ್ಕೆ 80. ಭಾಷೆಯ ಜಾಗದಲ್ಲಿ ಕನ್ನಡವನ್ನು ಆರಿಸಿಕೊಳ್ಳಬಹುದು. ಈ ಅನುಕೂಲ ನಮ್ಮ ಮಕ್ಕಳಲ್ಲಿ ಕೆಲವರಿಗೆ ಗೊತ್ತೇ ಇರುವುದಿಲ್ಲ.

ಇನ್ನು ತರಬೇತಿಯ ಒಳಗಿನ ವಿಚಾರ. ಜಿಲ್ಲೆಯ ಒಳಗೆ ಚಾಲದಲ್ಲಿ ಕಣ್ಣೂರು ವಿಶ್ವವಿದ್ಯಾನಿಲಯದ ಬಿ.ಎಡ್. ಕೇಂದ್ರವಿದೆ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲೂ ಶಿಕ್ಷಣ ವಿಭಾಗವಿದೆ. ಅನೇಕರು ಹೋಗುವುದು ಮಾತ್ರ ಮಂಗಳೂರಿಗೆ. ಬೆಳಗ್ಗಿನ ರೈಲು ಹಿಡಿದರೆ ಒಂದು ಗಂಟೆಯ ದಾರಿ, ಹಾಗಾಗಿ ಅದರಲ್ಲಿ ಆಶ್ಚರ್ಯವಿಲ್ಲ. 1956ರ ನವೆಂಬರ್ 1ರ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕೇ ಆಗಿದ್ದು, ಓದಿಗೂ ಕಚೇರಿಗೂ ಮಂಗಳೂರೇ ನಮ್ಮ ಪಟ್ಟಣವಾಗಿತ್ತು. ಆದರೆ ಅಲ್ಲಿ ಓದುವವರು ಮೊದಲೇ ತಿಳಿದುಕೊಳ್ಳಬೇಕಾದ ಒಂದು ತೊಡಕು ಇದೆ. ಕರ್ನಾಟಕದಲ್ಲಿ ಬಹುಕಾಲ ಬಿ.ಎಸ್ಸಿ. ಎಂದರೆ ಮೂರು ಐಚ್ಛಿಕ ವಿಷಯಗಳನ್ನು ಸಮನಾಗಿ ಓದುವುದು. ಕೇರಳದಲ್ಲಿ ಒಂದು ಮುಖ್ಯ ವಿಷಯ, ಜೊತೆಗೆ ಉಪವಿಷಯಗಳು. ಪಿ.ಎಸ್.ಸಿ. ಕೇಳುವುದು ಕೇರಳದ ಲೆಕ್ಕವನ್ನು. ಪದವಿಯ ವಿಷಯ, ಬಿ.ಎಡ್.ನ ಬೋಧನಾ ವಿಷಯ, ಅರ್ಜಿ ಹಾಕುವ ಹುದ್ದೆ ಮೂರೂ ಹೊಂದಿಕೆಯಾಗಬೇಕು; ಸಮಾನತೆಯ ಪ್ರಮಾಣಪತ್ರದ ವಿಷಯವನ್ನೂ ವಿಚಾರಿಸಿಡಬೇಕು. ಕಾಲೇಜಿಗೆ ಹಣ ಕಟ್ಟುವ ಮೊದಲು ಪಿ.ಎಸ್.ಸಿ.ಯ ಹಳೆಯ ಪ್ರಕಟಣೆಯೊಂದನ್ನು ತೆಗೆದು ಓದಿದರೆ ಮುಂದೆ ಕಣ್ಣೀರು ಉಳಿಯುತ್ತದೆ.

ಇದು ಕಾಗದಪತ್ರದ ಮಾತಾಯಿತು. ಕಲಿಸುವ ಕೆಲಸದ ತೊಡಕು ಇನ್ನೂ ಸೂಕ್ಷ್ಮವಾದದ್ದು. ಕರ್ನಾಟಕದ ವಿಜ್ಞಾನ ಪುಸ್ತಕಗಳಲ್ಲಿ ‘ಜವ’ ಬೇರೆ, ‘ವೇಗ’ ಬೇರೆ. ದಿಕ್ಕಿನ ಗೊಡವೆಯಿಲ್ಲದೆ ಗಂಟೆಗೆ ಇಷ್ಟು ಕಿಲೋಮೀಟರ್ ಎಂದರೆ ಜವ. ದಿಕ್ಕನ್ನೂ ಸೇರಿಸಿದರೆ ವೇಗ. ಮಲಯಾಳದಲ್ಲಿ ಮೊದಲನೆಯದಕ್ಕೇ ‘ವೇಗ’ ಎನ್ನುತ್ತಾರೆ, ಎರಡನೆಯದು ‘ಪ್ರವೇಗ’. ಕರ್ನಾಟಕದ ‘ವೇಗೋತ್ಕರ್ಷ’ ಮಲಯಾಳದಲ್ಲಿ ‘ತ್ವರಣ’. ಮಲಯಾಳದಲ್ಲಿ ತರಬೇತಾದವರು ಕನ್ನಡ ತರಗತಿಗೆ ಬಂದು ‘ವೇಗ’ ಎಂದಾಗ ಅವರು ಹೇಳುವುದು ಒಂದು, ಮಗು ಕೇಳಿಸಿಕೊಳ್ಳುವುದು ಇನ್ನೊಂದು. ಗಣಿತದಲ್ಲಿ ಇನ್ನೂ ತಮಾಷೆ. ಮಲಯಾಳದ ‘ಚುಟ್ಟಳವ್’ ಕೇಳಿದ ಕೂಡಲೇ ನಮ್ಮ ಮಗುವಿಗೆ ‘ಸುತ್ತಳತೆ’ ಹೊಳೆಯುತ್ತದೆ, ಅಕ್ಕತಂಗಿಯರಂಥ ಪದಗಳು. ಆದರೆ ‘ಚತುರಂ’ ಎಂದರೆ ಆಯತ ಎಂದು ಯಾವ ಕನ್ನಡದ ಮಗು ಊಹಿಸೀತು? ನಮ್ಮಲ್ಲಿ ಚತುರ ಎಂದರೆ ಜಾಣ! ಹೊಸ ಅಧ್ಯಾಪಕರು ಮಂಗಳೂರಿನಲ್ಲೇ ಕಲಿತಿರಲಿ, ಕಣ್ಣೂರಿನಲ್ಲೇ ಕಲಿತಿರಲಿ, ಕೇರಳದ ಎಸ್.ಸಿ.ಇ.ಆರ್.ಟಿ. ಕನ್ನಡದಲ್ಲಿ ಮುದ್ರಿಸುವ ಪಾಠಪುಸ್ತಕವನ್ನು ಎದುರಿಗಿಟ್ಟುಕೊಂಡು ಎರಡು ಕಡೆಯ ಪದಗಳನ್ನೂ ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಬಿ.ಎಡ್. ಪಠ್ಯದಲ್ಲಿ ಈ ಕೆಲಸವನ್ನು ಯಾರೂ ಮಾಡಿಸುವುದಿಲ್ಲ.

ಬಿ.ಎಡ್.ನಲ್ಲಿ ಶಾಲೆಗೆ ಹೋಗಿ ಪಾಠ ಮಾಡುವ ಅವಧಿ 20 ವಾರ. ಅದರಲ್ಲಿ 16 ವಾರ ಎರಡನೆಯ ವರ್ಷದಲ್ಲಿ. ಈ 16 ವಾರಗಳನ್ನು ಎಲ್ಲಿ ಕಳೆಯುತ್ತೇವೆಂಬುದು ನಮ್ಮ ಮಕ್ಕಳ ಮಟ್ಟಿಗೆ ಬಹಳ ಮುಖ್ಯ. ಜಿಲ್ಲೆಯ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲೇ ಅವಕಾಶ ಕೊಡಿ ಎಂದು ಕಾಲೇಜಿಗೆ ಲಿಖಿತವಾಗಿ ಕೇಳಿಕೊಳ್ಳಬೇಕು. ನಮ್ಮ ಮುಖ್ಯೋಪಾಧ್ಯಾಯರೂ ಅಂಥವರನ್ನು ಕರೆದು ಸೇರಿಸಿಕೊಳ್ಳಬೇಕು. ಏಕೆಂದರೆ ನಮ್ಮ ತರಗತಿಯಂಥ ತರಗತಿ ಮಂಗಳೂರಿನಲ್ಲೂ ಇಲ್ಲ, ಕಣ್ಣೂರಿನಲ್ಲೂ ಇಲ್ಲ. ಒಂದೇ ಬೆಂಚಿನಲ್ಲಿ ಮನೆಯಲ್ಲಿ ತುಳು ಮಾತಾಡುವ ಮಗು, ಹವ್ಯಕ ಕನ್ನಡದ ಮಗು, ಕೊಂಕಣಿಯದು, ಮರಾಠಿಯದು, ಬ್ಯಾರಿಯದು ಕುಳಿತಿರುತ್ತವೆ. ಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಯ ಮಾತೂ ಅಲ್ಲ. ಒಂದು ಸಮೀಕರಣ ಬಿಡಿಸುವಾಗ ನಡುವೆ ತುಳುವಿನಲ್ಲಿ ಒಂದು ವಾಕ್ಯ ಹೇಳಿ ಮತ್ತೆ ಕನ್ನಡಕ್ಕೆ ಮರಳುವ ಜಾಣ್ಮೆ ಹಳೆಯ ಮಾಸ್ತರರಲ್ಲಿತ್ತು. ಅದನ್ನು ಪಕ್ಕದಲ್ಲಿ ಕುಳಿತೇ ಕಲಿಯಬೇಕು.

ಮಲಯಾಳದ ಬಗ್ಗೆಯೂ ಒಂದು ಮಾತು. ಕನ್ನಡದ ಅಧ್ಯಾಪಕನಿಗೆ ಮಲಯಾಳ ಬೇಡ ಎನ್ನುವವರಿದ್ದಾರೆ. ಈ ಲೇಖಕನಿಗೆ ಅದು ಸರಿ ಕಾಣುವುದಿಲ್ಲ. ಇಲಾಖೆಯ ಸುತ್ತೋಲೆಗಳು ಮಲಯಾಳದಲ್ಲಿ ಬರುತ್ತವೆ, ರಜಾಕಾಲದ ತರಬೇತಿ ಬಹುಪಾಲು ಮಲಯಾಳದಲ್ಲೇ ನಡೆಯುತ್ತದೆ. ಅದನ್ನು ಓದಿ ತಿಳಿಯದವರು ಇಲಾಖೆಯೊಡನೆ ಕನ್ನಡದ ಹಕ್ಕಿಗಾಗಿ ವಾದಿಸುವುದಾದರೂ ಹೇಗೆ?

ಹಕ್ಕಿನ ಮಾತು ಬಂದುದರಿಂದ ಇದನ್ನೂ ಗಮನಿಸಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣದ ಸೌಕರ್ಯ ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಹೈಸ್ಕೂಲಿನ ಕನ್ನಡ ವಿಭಾಗ ನಿಂತಿರುವುದು ರಾಜ್ಯದ ನಿಯಮಗಳ ಮೇಲೆ ಮತ್ತು ಮಕ್ಕಳ ಸಂಖ್ಯೆಯ ಮೇಲೆ. ಶಾಲೆ ತೆರೆದ ಆರನೆಯ ದಿನ ತಲೆ ಎಣಿಸುತ್ತಾರೆ. ಆ ಎಣಿಕೆಯ ಮೇಲೆ ವಿಭಾಗಗಳೂ ಹುದ್ದೆಗಳೂ ನಿರ್ಧಾರವಾಗುತ್ತವೆ. ಗಣಿತಕ್ಕೆ ಜನವಿಲ್ಲವೆಂದು ಹತ್ತು ಮನೆಯವರು ಮಕ್ಕಳನ್ನು ಇಂಗ್ಲಿಷ್ ವಿಭಾಗಕ್ಕೆ ಬದಲಾಯಿಸಿದರೆ ಮುಂದಿನ ವರ್ಷ ಆ ಹುದ್ದೆಗೇ ಸಂಚಕಾರ. ಹುದ್ದೆ ಹೋದ ಮೇಲೆ ಅರ್ಹ ಅಭ್ಯರ್ಥಿ ಬಂದರೂ ಪ್ರಯೋಜನವಿಲ್ಲ.

ಕನ್ನಡ ಎಂ.ಎ.ಗೆ ಕಾಸರಗೋಡು ಸರಕಾರಿ ಕಾಲೇಜಿನಲ್ಲೇ ವ್ಯವಸ್ಥೆಯಿದೆ, ಕನ್ನಡ ಕಲಿಸುವವರು ಹೇಗೋ ಸಿಗುತ್ತಾರೆ. ಕೊರತೆ ಕಾಡುವುದು ಗಣಿತ ವಿಜ್ಞಾನಗಳಲ್ಲಿ. ಪೆರಡಾಲ ನವಜೀವನ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರು ಹೇಳಿ ಹೆಮ್ಮೆಪಡುವ ನಾವು, ಅಂಥದೇ ಶಾಲೆಗಳಲ್ಲಿ ರೇಖಾಗಣಿತ ಹೇಳಿಕೊಟ್ಟವರನ್ನು ಸಭೆಗೆ ಕರೆದು ಶಾಲು ಹೊದಿಸಿದ್ದು ಕಡಿಮೆ.

ಪ್ರತಿ ಶಾಲೆಯ ರಕ್ಷಕ ಶಿಕ್ಷಕ ಸಂಘ ಮಾಡಬಹುದಾದ ಕೆಲಸವೊಂದಿದೆ. ಕನ್ನಡ ವಿಭಾಗದ ಅಧ್ಯಾಪಕರಲ್ಲಿ ಯಾರು ಯಾವ ವರ್ಷ ನಿವೃತ್ತರಾಗುತ್ತಾರೆ, ಅವರ ವಿಷಯ ಯಾವುದು ಎಂಬ ಪಟ್ಟಿಯನ್ನು ಕಚೇರಿಯಿಂದ ಕೇಳಿ ಬರೆದಿಟ್ಟುಕೊಳ್ಳುವುದು. ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಚುರುಕಾಗಿರುವ ನಾಲ್ಕಾರು ಮಕ್ಕಳ ಮನೆಗೆ, ಪ್ಲಸ್ ಟುವಿನ ಅರ್ಜಿ ಹಾಕುವ ಮುನ್ನ, ಆ ಪಟ್ಟಿ ಹಿಡಿದುಕೊಂಡು ಒಮ್ಮೆ ಹೋಗಿ ಬರಬಹುದು.