ಕಡಲೆಯ ಬೇರಗಂಟು

ಸಿಂಧನೂರಿನಿಂದ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿನ ಕಡೆಗೆ ಹಿಂಗಾರಿಯ ದಿನಗಳಲ್ಲಿ ಪಯಣಿಸುವವರು, ತುಂಗಭದ್ರೆಯ ಎಡದಂಡೆ ನಾಲೆಯ ನೀರುಂಡ ಭತ್ತದ ಗದ್ದೆಗಳು ಹಿಂದೆ ಸರಿದು, ಮಳೆಯ ಹಸಿಯನ್ನೇ ಒಡಲಲ್ಲಿ ಹಿಡಿದಿಟ್ಟುಕೊಂಡ ಕರಿಯ ಎರೆಭೂಮಿ ಮೆಲ್ಲಮೆಲ್ಲನೆ ಎದುರಾಗುವುದನ್ನು ಕಾಣುವರು. ಗದ್ದೆಗೆ ಸಾರಜನಕವು ಯೂರಿಯಾದ ಚೀಲಗಳಲ್ಲಿ ಬರುತ್ತದೆ. ಎರೆಯ ಕಡಲೆಯೂ ತೊಗರಿಯೂ ತಮಗೆ ಬೇಕಾದುದರಲ್ಲಿ ದೊಡ್ಡ ಪಾಲನ್ನು ಗಾಳಿಯಿಂದಲೇ ಗಳಿಸಿಕೊಳ್ಳುತ್ತವೆ. ಆ ಗಳಿಕೆಯ ಶಕ್ತಿಯನ್ನು ಬೀಜದಲ್ಲಿಯೇ ಹೆಚ್ಚಿಸಬಹುದೆ ಎಂಬುದು ತಳಿಶಾಸ್ತ್ರದ ಒಂದು ಗಹನವಾದ ಪ್ರಶ್ನೆ.

ಬಿತ್ತಿ ಒಂದೂವರೆ ತಿಂಗಳಾದ ಕಡಲೆಯ ಗಿಡವನ್ನು ಹಿಡಿದು ಕಿತ್ತರೆ ಏನೂ ತಿಳಿಯದು. ಈ ಗಳಿಕೆ ನಡೆಯುವ ಬೇರಗಂಟುಗಳು ಎರೆಯಲ್ಲಿಯೇ ಕಳಚಿಕೊಂಡು ಉಳಿಯುವುವು. ಬುಡದ ಸುತ್ತ ಗೇಣುದ್ದ ಅಗೆದು, ಹೆಂಟೆಯನ್ನು ಹೆಂಟೆಯಾಗಿಯೇ ಮೇಲೆತ್ತಿ, ಬಕೆಟ್ಟಿನ ನೀರಿನಲ್ಲಿ ನೆನೆಯಬಿಟ್ಟು, ಮಣ್ಣು ತಾನಾಗಿ ಕರಗುವವರೆಗೆ ಕಾದರೆ, ಬೇರಿಗೆ ಅಂಟಿದ ಗಂಟುಗಳು ಕಣ್ಣಿಗೆ ಬೀಳುವುವು. ಒಂದನ್ನು ಉಗುರಿನಿಂದ ಸೀಳಿ ನೋಡಬೇಕು: ಒಳಗೆ ನಸುಗೆಂಪಾಗಿದ್ದರೆ ಗಂಟು ದುಡಿಯುತ್ತಿದೆ, ಹಸಿರು ಇಲ್ಲವೆ ಬೂದು ಬಣ್ಣವಿದ್ದರೆ ಅದು ದುಡಿಯುತ್ತಿಲ್ಲ. ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಂಧುವಾದ ಒಂದು ದ್ರವ್ಯದ್ದು; ಒಳಗೆ ವಾಸಿಸುವ ಅಣುಜೀವಿಗೆ ಉಸಿರಾಡುವಷ್ಟು ಆಮ್ಲಜನಕವನ್ನು ಒದಗಿಸುತ್ತ, ಸಾರಜನಕವನ್ನು ಕಟ್ಟುವ ಕಿಣ್ವವನ್ನು ಅದೇ ಆಮ್ಲಜನಕದ ಹಾವಳಿಯಿಂದ ಕಾಪಾಡುವುದು ಅದರ ಕೆಲಸ. ಅಣುಜೀವಿಯು ಕಟ್ಟಿಕೊಡುವ ಸಾರಜನಕಕ್ಕೆ ಪ್ರತಿಯಾಗಿ ಗಿಡವು ಎಲೆಯಲ್ಲಿ ತಯಾರಿಸಿದ ಸಕ್ಕರೆಯನ್ನು ಬೇರಿಗೆ ಇಳಿಸುತ್ತದೆ. ಜರ್ಮನಿಯ ಹೆಲ್‌ರೀಗೆಲ್ ಈ ಸಂಬಂಧವನ್ನು ಜಗತ್ತಿಗೆ ತಿಳಿಸಿದ್ದು 1886ರಲ್ಲಿ. ಹಾಲೆಂಡಿನ ಬೈಯರಿಂಕ್ ಆ ಅಣುಜೀವಿಯನ್ನು ಬೇರ್ಪಡಿಸಿ ಬೆಳೆಸಿದ್ದು 1888ರಲ್ಲಿ.

ಅಣುಜೀವಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಸವರಿ, ನೆರಳಿನಲ್ಲಿ ಆರಿಸಿ ಬಿತ್ತುವ ಪದ್ಧತಿ ನಮ್ಮ ರೈತರಿಗೆ ಪರಿಚಿತವೇ. ಆದರೆ ಅತಿಥಿ ಎಷ್ಟೇ ಸಮರ್ಥನಾದರೂ ಮನೆಯೊಡೆಯನ ಸ್ವಭಾವವೂ ಮುಖ್ಯವಷ್ಟೆ! ಇದಕ್ಕೆ ನಿದರ್ಶನ ದೊರೆತುದು ನಮ್ಮದೇ ಕಡಲೆಯಲ್ಲಿ. ಪಂಪನ ಹೆಸರಿನೊಡನೆ ಬೆಸೆದುಕೊಂಡಿರುವ ಅಣ್ಣಿಗೇರಿಯು ತನ್ನ ಹೆಸರಿತ್ತ ತಳಿಯನ್ನು ಪಟಾಂಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಪರಿಶೀಲಿಸುತ್ತಿದ್ದ ಓ. ಪಿ. ರೂಪೇಲಾ ಅವರಿಗೆ, ಗಂಟನ್ನೇ ಕಟ್ಟದ ಗಿಡಗಳು ಅದರ ನಡುವೆ ಅತಿ ವಿರಳವಾಗಿ ಕಂಡುಬಂದುವು; 1992ರಲ್ಲಿ ಅವರು ಅದನ್ನು ಪ್ರಕಟಿಸಿದರು. ಹೊರಗಿನಿಂದ ಸಾರಜನಕ ದೊರೆಯದಿದ್ದರೆ ಹಳದಿಗಟ್ಟಿ ಸೊರಗುವ ಈ ಬಡಪಾಯಿ ಗಿಡಗಳು ನಿರುಪಯುಕ್ತವೆಂದು ತೋರಬಹುದು. ನನ್ನ ದೃಷ್ಟಿಯಲ್ಲಿ ಅವು ಅಮೂಲ್ಯ. ಅವುಗಳನ್ನು ಗಂಟುಳ್ಳ ಗಿಡಗಳ ಮಗ್ಗುಲಲ್ಲಿ ಬಿತ್ತಿ, ಎರಡರ ಸಾರಜನಕವನ್ನು ತುಲನೆ ಮಾಡಿದರೆ, ಗಾಳಿಯಿಂದ ಬಂದುದೆಷ್ಟು, ಮಣ್ಣಿನಿಂದ ಬಂದುದೆಷ್ಟು ಎಂಬ ಲೆಕ್ಕ ಸಿಗುತ್ತದೆ. ಒಂದೇ ಹೆಸರಿನ ತಳಿಯೊಳಗೆ ಗಂಟು ಹೆಚ್ಚು ಕಟ್ಟುವವೂ ಕಡಿಮೆ ಕಟ್ಟುವವೂ ಬೆರೆತಿರುತ್ತವೆ ಎಂಬುದೂ ಇಂತಹ ಪರಿಶೀಲನೆಗಳಿಂದ ಸ್ಪಷ್ಟವಾಯಿತು.

ಗಂಟುಗಳ ಸಂಖ್ಯೆಯನ್ನು ಮಾತ್ರ ನಂಬುವಂತಿಲ್ಲ. 1985ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಪ್ರಕಟಿಸಿದ ಸೋಯಾದ ಒಂದು ರೂಪಾಂತರವು ಬೇರಿನ ತುಂಬ ಗಂಟು ಕಟ್ಟಿತು. ಅವುಗಳನ್ನು ಸಾಕುವುದರಲ್ಲಿಯೇ ಗಿಡದ ಕಸುವು ವ್ಯಯವಾಗಿ ಇಳುವರಿ ಕುಗ್ಗಿತು. ಇನ್ನೊಂದು ತೊಡಕು ನೆಲದ್ದು: ಮಣ್ಣಿನಲ್ಲಿ ನೈಟ್ರೇಟು ಸಮೃದ್ಧವಾಗಿದ್ದರೆ ಗಿಡವು ಗಂಟು ಕಟ್ಟುವ ಗೋಜಿಗೇ ಹೋಗದು; ಆದುದರಿಂದ ಗೊಬ್ಬರವುಂಡ ಪ್ರಯೋಗಕ್ಷೇತ್ರದಲ್ಲಿ ಸಮರ್ಥ ಗಿಡವೂ ಸೋಮಾರಿ ಗಿಡವೂ ಒಂದೇ ತೆರನಾಗಿ ಹಸಿರಾಗಿ ನಿಲ್ಲುವುವು. ಬ್ರೆಜಿಲ್ ದೇಶದವರು ಸೋಯಾ ತಳಿಗಳನ್ನು ಸಾರಜನಕದ ಗೊಬ್ಬರವಿಲ್ಲದ ನೆಲದಲ್ಲಿ ಆರಿಸುತ್ತ ಬಂದುದು ಈ ಕಾರಣಕ್ಕೆ ವಿವೇಕದ ಮಾರ್ಗ.

ನಮ್ಮಲ್ಲಿ ಸಾಮರ್ಥ್ಯಕ್ಕೆ ಕೊರತೆಯಿಲ್ಲ. 2009ರಲ್ಲಿ ಸ್ಥಾಪಿತವಾದ ರಾಯಚೂರು ಕೃಷಿ ವಿಶ್ವವಿದ್ಯಾಲಯವು ಇಕ್ರಿಸ್ಯಾಟ್ ಸಂಸ್ಥೆಯೊಡಗೂಡಿ, ಹಳೆಯ ಅಣ್ಣಿಗೇರಿಯ ಗುಣಗಳನ್ನು ಉಳಿಸಿಕೊಂಡೇ ನೆಟೆ ರೋಗವನ್ನು ತಡೆಯುವ ಶಕ್ತಿಯನ್ನು ಅದಕ್ಕೆ ಕೂಡಿಸಿ ‘ಸೂಪರ್ ಅಣ್ಣಿಗೇರಿ-1’ ಎಂಬ ತಳಿಯನ್ನು ರೂಪಿಸಿತು. ನೆಟೆ ಹಿಡಿದು ಒಣಗಿದ ಬೇರಿನಲ್ಲಿ ಗಂಟೆಲ್ಲಿಯದು? ಆ ಅರ್ಥದಲ್ಲಿ ಇದೂ ಬೇರಿನ ಹಿತವನ್ನೇ ನೋಡಿದ ಕಾರ್ಯ. ಆದರೆ ಗಾಳಿಯ ಸಾರಜನಕವನ್ನು ಗಳಿಸುವ ಗುಣವು ಒಂದೆರಡು ವಂಶವಾಹಿಗಳ ಹಿಡಿತದಲ್ಲಿಲ್ಲದ ಕಾರಣ ಅದನ್ನು ಬೀಜದಲ್ಲಿ ಹೆಚ್ಚಿಸುವ ಕೆಲಸ ಇನ್ನೂ ಕಠಿನ. ಅದರ ಮೇಲೆ, ಹೂವು ಕಾಯಾಗುವ ಹೊತ್ತಿಗೆ ಎರೆಯ ಮೇಲ್ಪದರವು ಒಣಗಿ ಬಿರುಕು ಬಿಡುವುದರಿಂದ, ಕಾಳಿಗೆ ಸಾರಜನಕ ಬೇಕಾದ ವೇಳೆಯಲ್ಲಿಯೇ ಗಂಟುಗಳು ಬತ್ತುವುವು. ಆದುದರಿಂದ ಇಂತಹ ಆಯ್ಕೆಯು ನಾಲೆಯ ನೀರು ಹರಿಯುವ ಮಡಿಗಳಲ್ಲಿ ನಡೆಯತಕ್ಕದ್ದಲ್ಲ. ಮಸ್ಕಿಯ, ಲಿಂಗಸುಗೂರಿನ ಮಳೆಯಾಶ್ರಿತ ಹೊಲಗಳಲ್ಲಿ, ಬಿರುಕು ಬಿಡತೊಡಗಿದ ಎರೆಯಲ್ಲಿ, ಹೆಂಟೆ ಹೆಂಟೆಯಾಗಿ ಎತ್ತಿ ನೀರಿನಲ್ಲಿ ನೆನೆಯಿಟ್ಟು, ಯಾವ ಗಿಡದ ಗಂಟು ಆಗಲೂ ಒಳಗೆ ಕೆಂಪಾಗಿದೆಯೆಂದು ಒಂದೊಂದಾಗಿ ಸೀಳಿ ನೋಡಿ ನಡೆಯಬೇಕು.